ಕಾಲಿಗೆ ತಿಳಿಯದ ಭಾರ

ತಾಳವಾಡಿ ಕಡೆಯ ಕನ್ನಡ ಶಾಲೆಯೊಂದರಲ್ಲಿ ಎಂಟನೆಯ ತರಗತಿ ಓದುತ್ತಿರುವ ಬಾಲಕಿಯೊಬ್ಬಳಿಂದ ಈ ಅಂಕಣಕ್ಕೆ ಪತ್ರ ಬಂದಿದೆ. ಜಮೀನಿನ ಪಾಲು, ಜಾತಿ ಪ್ರಮಾಣಪತ್ರ, ಪಿಂಚಣಿ ಇಂಥವುಗಳ ಬಗೆಗೇ ಹೆಚ್ಚಾಗಿ ಪತ್ರಗಳು ಬರುವಲ್ಲಿ ಇದೊಂದು ಹೊಸ ಬಗೆಯದು. ಅವಳ ಅಜ್ಜನವರು ಒಂದು ಕಾಲಕ್ಕೆ ಬಾಡಿಗೆಯ ಅಂಬಾಸಿಡರ್ ಕಾರು ಓಡಿಸುತ್ತಿದ್ದವರಂತೆ. ದಿಂಬಂ ಘಟ್ಟದ ಇಪ್ಪತ್ತೇಳು ತಿರುವುಗಳನ್ನು ಇಳಿದು ಬಣ್ಣಾರಿ ತಲಪುವ ಹೊತ್ತಿಗೆ ಬಲಗಾಲಿನ ಮೀನಖಂಡ ಕಲ್ಲಿನಂತಾಗುತ್ತಿತ್ತು ಎಂದು ಅವರು ಈಗಲೂ ಹೇಳುತ್ತಾರಂತೆ. ಇಂದು ಅದೇ ಘಟ್ಟದಲ್ಲಿ ಅವಳ ತಾಯಿ ಹೊಸ ಕಾರನ್ನು ಇಳಿಸುವಾಗ ಬ್ರೇಕಿನ ಮೇಲೆ ಕಾಲ್ಬೆರಳನ್ನು ಮಾತ್ರ ಇಟ್ಟಂತೆ ಕಾಣುತ್ತದೆ. “ಕಾರುಗಳು ವರ್ಷದಿಂದ ವರ್ಷಕ್ಕೆ ಭಾರವಾಗುತ್ತಿವೆ ಎಂದು ಓದಿದ್ದೇನೆ. ಭಾರ ಹೆಚ್ಚಿದರೆ ತಡೆಯುವ ಶ್ರಮವೂ ಹೆಚ್ಚಬೇಕಲ್ಲವೆ? ಆ ಶ್ರಮವನ್ನು ಈಗ ಯಾರು ಪಡುತ್ತಿದ್ದಾರೆ?” ಎಂಬುದು ಅವಳ ಪ್ರಶ್ನೆ.

ವಿಜ್ಞಾನದ ಮೇಷ್ಟರನ್ನು ಕೇಳಬೇಕಾದ್ದನ್ನು ವಕೀಲನನ್ನು ಕೇಳಿದ್ದಾಳೆ ಎಂದು ಪತ್ರವನ್ನು ಬದಿಗಿಡುವಂತಿಲ್ಲ. ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯ ಮುಂದೆ “ಬ್ರೇಕ್ ಫೇಲ್ ಆಯಿತು, ಸ್ವಾಮಿ” ಎಂಬ ಮಾತನ್ನು ಕೇಳದ ವಕೀಲರು ಘಟ್ಟದ ಸೀಮೆಯಲ್ಲಿ ಇರಲಾರರು. ಆ ಮಾತು ಬಹುಪಾಲು ನಿಲ್ಲುವುದಿಲ್ಲ. ಏಕೆ ನಿಲ್ಲುವುದಿಲ್ಲ ಎಂಬುದಕ್ಕೆ ಉತ್ತರ ಈ ಹುಡುಗಿಯ ಪ್ರಶ್ನೆಯ ಒಳಗೇ ಇದೆ.

ಮೊದಲು ಭಾರದ ವಿಷಯವನ್ನು ನೋಡೋಣ. ಕಾರುಗಳ ತೂಕ ಹೆಚ್ಚುತ್ತ ಬಂದಿದೆ ಎಂಬುದು ನಿಜ. ಆದರೆ ಅದು ನೆಟ್ಟಗೆ ಏರಿದ ಗೆರೆಯಲ್ಲ, ಇಳಿದು ಏರಿದ ಗೆರೆ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನ ಅಚ್ಚಿನಿಂದ ಹುಟ್ಟಿ, 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ನಮ್ಮ ಅಂಬಾಸಿಡರ್ ಸುಮಾರು 1,100ರಿಂದ 1,200 ಕಿಲೋ ತೂಗುತ್ತಿತ್ತು. ಅದರ ಜೊತೆಗಾರ ಫಿಯೆಟ್, ಅಂದರೆ ಮುಂದೆ ಪದ್ಮಿನಿಯೆಂದು ಹೆಸರಾದದ್ದು, 900 ಕಿಲೋ ಆಸುಪಾಸು. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದಾಗ ಅದರ ತೂಕ ಸುಮಾರು 650 ಕಿಲೋ ಮಾತ್ರ. ಅಂಬಾಸಿಡರಿನ ಅರ್ಧಕ್ಕಿಂತ ತುಸುವೇ ಹೆಚ್ಚು. ಈಗ ನಮ್ಮ ಊರುಗಳಲ್ಲಿ ಮನೆಮನೆಯ ಮುಂದೆ ಕಾಣುವ, ನೆಲದಿಂದ ಎತ್ತರಕ್ಕೆ ನಿಂತ ಸಣ್ಣ ಎಸ್‌ಯುವಿ ಕಾರುಗಳು 1,200, 1,300 ಕಿಲೋ ತೂಗುತ್ತವೆ. ಅದೇ ಗಾತ್ರದ ಕಾರಿಗೆ ಬ್ಯಾಟರಿ ಕೂರಿಸಿದರೆ 1,400 ಕಿಲೋ ದಾಟುತ್ತದೆ. ಏಳು ಮಂದಿ ಕೂರುವ ದೊಡ್ಡ ಡೀಸೆಲ್ ಗಾಡಿಗಳಲ್ಲಿ ಎರಡು ಟನ್ನಿಗೆ ಮೇಲ್ಪಟ್ಟವೂ ಇವೆ.

ಹೊರದೇಶಗಳಲ್ಲೂ ಕಥೆ ಇದೇ. ಅಮೆರಿಕದಲ್ಲಿ 1975ರಲ್ಲಿ ಮಾರಾಟವಾದ ಹೊಸ ವಾಹನಗಳ ಸರಾಸರಿ ತೂಕ ಸುಮಾರು 1,840 ಕಿಲೋ. ತೈಲದ ಬಿಕ್ಕಟ್ಟಿನ ಬಿಸಿ ತಟ್ಟಿದ ಮೇಲೆ, 1980ರ ದಶಕದ ಆರಂಭಕ್ಕೆ ಅದು 1,450 ಕಿಲೋವರೆಗೆ ಇಳಿಯಿತು. ಇತ್ತೀಚಿನ ವರ್ಷಗಳಲ್ಲಿ ಹಳೆಯದನ್ನೂ ಮೀರಿ 1,950ರ ಸುತ್ತಮುತ್ತ ನಿಂತಿದೆ. ಜರ್ಮನಿಯ ಫೋಕ್ಸ್‌ವ್ಯಾಗನ್ ಗಾಲ್ಫ್ 1974ರಲ್ಲಿ ಬಂದಾಗ ಸುಮಾರು 800 ಕಿಲೋ ಇತ್ತು. ಹೆಸರು ಬದಲಾಗದೆ ಎಂಟನೆಯ ತಲೆಮಾರಿಗೆ ಬಂದಿರುವ ಅದೇ ಗಾಲ್ಫ್ 1,250 ಕಿಲೋ ದಾಟಿದೆ. ಗಾತ್ರ ಬೆಳೆಯಿತು, ಏರ್ ಕಂಡೀಷನರ್ ಬಂತು, ಬಾಗಿಲಿಗೆ ಮೋಟಾರು ಬಂತು. ಅದಕ್ಕಿಂತ ಮುಖ್ಯವಾಗಿ, ಡಿಕ್ಕಿಯಾದರೆ ಒಳಗಿನವರು ಬದುಕಿ ಉಳಿಯುವಂತೆ ಬಾಗಿಲಿನೊಳಗೆ ಉಕ್ಕಿನ ತೊಲೆ, ಮುಂದೆ ಮಡಚಿಕೊಳ್ಳುವ ಚೌಕಟ್ಟು, ಗಾಳಿಚೀಲಗಳು ಸೇರಿದವು. ತೂಕವೆಲ್ಲವೂ ಆಡಂಬರದ ತೂಕವಲ್ಲ ಎಂಬುದನ್ನು ನ್ಯಾಯವಾಗಿ ಹೇಳಬೇಕು.

ಇಲ್ಲಿ ಓದುಗರು ಒಂದು ಸಂಗತಿಯನ್ನು ಗಮನಿಸಿರಬಹುದು. ಅಜ್ಜನವರ ಅಂಬಾಸಿಡರಿಗೂ ತಾಯಿಯವರ ಹೊಸ ಕಾರಿಗೂ ತೂಕದಲ್ಲಿ ದೊಡ್ಡ ಅಂತರವಿಲ್ಲ. ಅಂತರವಿರುವುದು ಕಾಲು ಪಟ್ಟ ಪಾಡಿನಲ್ಲಿ. ಹಾಗಾದರೆ ತೂಕವನ್ನು ಬಿಟ್ಟು ಬ್ರೇಕಿನ ಚರಿತ್ರೆಯನ್ನೇ ಸ್ವಲ್ಪ ಕೆದಕಬೇಕಾಗುತ್ತದೆ.

ಆದಿಕಾಲದ ಕಾರುಗಳಲ್ಲಿ ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಕಾರಿನಲ್ಲಿ ಕಾಲಿನ ಬ್ರೇಕು ಚಕ್ರವನ್ನು ಮುಟ್ಟುತ್ತಲೇ ಇರಲಿಲ್ಲ. ಗೇರಿನ ಪೆಟ್ಟಿಗೆಯೊಳಗಿನ ಒಂದು ಪಟ್ಟಿಯನ್ನು ಬಿಗಿಯುತ್ತಿತ್ತು. ನಾಲ್ಕೂ ಚಕ್ರಗಳಿಗೆ ಬ್ರೇಕು ಸಾಮಾನ್ಯವಾದದ್ದು 1920ರ ದಶಕದ ನಡುವಿನಲ್ಲಿ. ಆಗ ಇಂಗ್ಲೆಂಡಿನಲ್ಲಿ ಅಂಥ ಕಾರುಗಳ ಹಿಂಬದಿಗೆ ಕೆಂಪು ತ್ರಿಕೋನದ ಫಲಕ ಹಾಕಿಕೊಳ್ಳುವವರಿದ್ದರು: ಈ ಗಾಡಿ ಥಟ್ಟನೆ ನಿಲ್ಲುತ್ತದೆ, ಹಿಂದೆ ಬರುವವರು ಜೋಕೆ ಎಂದು! ಸರಳು, ತಂತಿಗಳ ಜಾಗಕ್ಕೆ ಎಣ್ಣೆಯ ಒತ್ತಡ ಬಂದದ್ದು ಮುಂದಿನ ಹೆಜ್ಜೆ. ಅಮೆರಿಕದ ಡ್ಯೂಸೆನ್‌ಬರ್ಗ್ 1921ರಲ್ಲೇ ಅದನ್ನು ಅಳವಡಿಸಿದರೆ, ಹಠಮಾರಿ ಹೆನ್ರಿ ಫೋರ್ಡ್ ಒಪ್ಪಿದ್ದು 1939ರಲ್ಲಿ. ಒಂದು ಕಡೆ ಒತ್ತಿದ ದ್ರವ ಎಲ್ಲ ಕಡೆಗೂ ಸಮನಾಗಿ ಒತ್ತುತ್ತದೆ ಎಂಬ ಪಾಸ್ಕಲನ ನಿಯಮವನ್ನು ಮಕ್ಕಳು ಶಾಲೆಯಲ್ಲಿ ಓದುತ್ತಾರಷ್ಟೆ; ಸಣ್ಣ ಕೊಳವೆಯನ್ನು ಕಾಲಿನಿಂದ ಒತ್ತಿ ದೊಡ್ಡ ಕೊಳವೆಯಲ್ಲಿ ಹೆಚ್ಚು ಬಲ ಪಡೆಯುವ ಉಪಾಯವದು.

ಅಂಬಾಸಿಡರಿನಲ್ಲಿ ಬಹುಕಾಲ ಇದ್ದದ್ದು ಡ್ರಮ್ ಬ್ರೇಕು. ತಿರುಗುವ ಕಬ್ಬಿಣದ ಡಬ್ಬಿಯೊಳಗೆ ಎರಡು ಅರ್ಧಚಂದ್ರಾಕಾರದ ಶೂಗಳು ಹಿಗ್ಗಿ ಒಳಗೋಡೆಗೆ ಉಜ್ಜುತ್ತವೆ. ಇದರಲ್ಲೊಂದು ಸೊಗಸಿದೆ. ಡ್ರಮ್ಮು ತಿರುಗುವ ಭರದಲ್ಲಿ ಶೂವನ್ನು ತಾನೇ ಎಳೆದುಕೊಂಡು ಇನ್ನಷ್ಟು ಬಿಗಿಯಾಗಿ ಅಪ್ಪಿಕೊಳ್ಳುತ್ತದೆ, ಆದ್ದರಿಂದ ಕಾಲಿನ ಬಲಕ್ಕೆ ಚಕ್ರವೂ ಸ್ವಲ್ಪ ಕೈಗೂಡಿಸುತ್ತದೆ. ದೋಷವೂ ಅಲ್ಲೇ ಇದೆ. ಮುಚ್ಚಿದ ಡಬ್ಬಿಯಾದ್ದರಿಂದ ಶಾಖ ಹೊರಗೆ ಹೋಗದು. ಕಾದ ಡ್ರಮ್ಮು ಹಿಗ್ಗಿ ಶೂಗಳಿಂದ ದೂರ ಸರಿಯುತ್ತದೆ. ಕಾದ ಶೂವಿನ ಹಿಡಿತವೂ ಸಡಿಲುತ್ತದೆ. ಘಟ್ಟದ ಹತ್ತನೆಯ ತಿರುವಿನಲ್ಲಿ ಒತ್ತಿದಷ್ಟೇ ಇಪ್ಪತ್ತನೆಯ ತಿರುವಿನಲ್ಲಿ ಒತ್ತಿದರೆ ಸಾಲದು. ಅಜ್ಜನವರ ಮೀನಖಂಡ ಕಲ್ಲಾದದ್ದು ಈ ಕಾರಣಕ್ಕೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಡಿಸ್ಕ್ ಬ್ರೇಕು. 1953ರ ಲ ಮಾನ್ ಓಟದಲ್ಲಿ ಡಿಸ್ಕ್ ಬ್ರೇಕಿನ ಜಾಗ್ವಾರ್ ಕಾರು ಗೆದ್ದಿತು. 1955ರಲ್ಲಿ ಫ್ರಾನ್ಸಿನ ಸಿಟ್ರಾನ್ ಡಿಎಸ್ ಅದನ್ನು ಸಾಮಾನ್ಯ ಗಿರಾಕಿಯ ಕಾರಿಗೆ ತಂದಿತು. ಬಯಲಿಗೆ ತೆರೆದ ಕಬ್ಬಿಣದ ತಟ್ಟೆಯನ್ನು ಎರಡು ಪ್ಯಾಡುಗಳು ಇಕ್ಕಳದಂತೆ ಹಿಡಿಯುತ್ತವೆ. ಗಾಳಿ ತಗಲಿ ಬೇಗ ತಣಿಯುತ್ತದೆ. ಆದರೆ ಡ್ರಮ್ಮಿನಂತೆ ತಾನೇ ಅಪ್ಪಿಕೊಳ್ಳುವ ಗುಣ ಇದಕ್ಕಿಲ್ಲ. ಅದೇ ಕಾರನ್ನು ನಿಲ್ಲಿಸಲು ಡಿಸ್ಕ್ ಬ್ರೇಕಿಗೆ ಹೆಚ್ಚು ಬಲ ಬೇಕು. ಹೀಗಾಗಿ ತಣ್ಣಗಿರುವ ಬ್ರೇಕು ಬೇಕೆಂದವರು ಕಾಲಿಗೆ ಸಹಾಯಕನೊಬ್ಬನನ್ನೂ ಕೊಡಲೇಬೇಕಾಯಿತು. ಆ ಸಹಾಯಕನೇ ಬೂಸ್ಟರ್. ಬೆಲ್ಜಿಯಂ ದೇಶದ ಆಲ್ಬರ್ಟ್ ದೆವಾಂದ್ರೆ ಎಂಬ ಎಂಜಿನಿಯರರು 1920ರ ದಶಕದಲ್ಲೇ ಇದನ್ನು ರೂಪಿಸಿದ್ದರೂ, ಸಾಮಾನ್ಯರ ಕಾರಿಗೆ ಅದು ಇಳಿದದ್ದು ಡಿಸ್ಕಿನ ಹಿಂದೆಯೇ.

ಬಾನೆಟ್ಟು ಎತ್ತಿದರೆ ಚಾಲಕನ ಎದುರಿಗೆ ಕಪ್ಪಗೆ, ದೊಡ್ಡ ತಪ್ಪಲೆಯನ್ನು ಮಗುಚಿಟ್ಟಂತೆ ಕಾಣುವುದೇ ಬೂಸ್ಟರ್. ಅದರ ಒಳಗೊಂದು ರಬ್ಬರ್ ಪರದೆಯಿದೆ. ಎಂಜಿನ್ ಉಸಿರೆಳೆದುಕೊಳ್ಳುವಾಗ ಪರದೆಯ ಒಂದು ಬದಿಯ ಗಾಳಿಯನ್ನು ಹೀರಿ ಖಾಲಿ ಮಾಡುತ್ತದೆ. ಬ್ರೇಕು ಒತ್ತಿದೊಡನೆ ಇನ್ನೊಂದು ಬದಿಗೆ ಹೊರಗಿನ ಗಾಳಿ ನುಗ್ಗುತ್ತದೆ. ಪರದೆಯ ಅಡ್ಡಳತೆ 23 ಸೆಂಟಿಮೀಟರ್ ಎಂದು ಹಿಡಿದರೆ ಅದರ ವಿಸ್ತೀರ್ಣ ಸುಮಾರು 415 ಚದರ ಸೆಂಟಿಮೀಟರ್. ಪ್ರತಿ ಚದರ ಸೆಂಟಿಮೀಟರಿನ ಮೇಲೆ ಗಾಳಿ 700 ಗ್ರಾಂನಷ್ಟು ಒತ್ತಿದರೂ ಒಟ್ಟು 290 ಕಿಲೋ ಬಲವಾಯಿತು. ಹುಡುಗಿ ಕೇಳಿದ ಪ್ರಶ್ನೆಗೆ ಮೊದಲ ಉತ್ತರ ಇಲ್ಲಿದೆ: ತಾಯಿಯ ಕಾಲ್ಬೆರಳಿನ ಹಿಂದೆ ನಿಂತು ಒತ್ತುತ್ತಿರುವುದು ನಮ್ಮ ಸುತ್ತಲಿನ ಗಾಳಿ.

ಇದನ್ನು ಮನೆಯ ಅಂಗಳದಲ್ಲೇ ಪರೀಕ್ಷಿಸಬಹುದು. ಮಕ್ಕಳು ದೊಡ್ಡವರ ಕೈಯಲ್ಲಿ ಮಾಡಿಸಲಿ. ಸಮನೆಲದಲ್ಲಿ ಕಾರನ್ನು ನಿಲ್ಲಿಸಿ, ಹ್ಯಾಂಡ್‌ಬ್ರೇಕು ಎಳೆದು, ಗೇರನ್ನು ನ್ಯೂಟ್ರಲ್‌ಗೆ ತಂದು, ಎಂಜಿನ್ ಆರಿಸಿರಿ. ಬ್ರೇಕನ್ನು ನಾಲ್ಕೈದು ಸಲ ಒತ್ತಿ ಬಿಡಿರಿ. ಮೊದಲ ಒಂದೆರಡು ಸಲ ಮೆತ್ತಗಿರುವ ಪೆಡಲು ಆಮೇಲೆ ಮರದ ಹಲಗೆಯಂತೆ ಗಟ್ಟಿಯಾಗುತ್ತದೆ. ಕೂಡಿಟ್ಟಿದ್ದ ನಿರ್ವಾತ ಮುಗಿಯಿತು ಎಂದರ್ಥ. ಈಗ ಪೆಡಲನ್ನು ಒತ್ತಿಹಿಡಿದೇ ಎಂಜಿನ್ ಚಾಲೂ ಮಾಡಿದರೆ ಪೆಡಲು ತಾನಾಗಿ ತುಸು ಕೆಳಗಿಳಿಯುತ್ತದೆ. ಇಳಿಯದಿದ್ದರೆ ಬೂಸ್ಟರಿನಲ್ಲಿ ದೋಷವಿರಬಹುದು, ಮೆಕ್ಯಾನಿಕ್ಕಿಗೆ ತೋರಿಸಬೇಕು.

ಪೆಟ್ರೋಲು ಉಳಿಸಲೆಂದು ಎಂಜಿನ್ ಆರಿಸಿ ಘಟ್ಟ ಇಳಿಯುವ ಪುಣ್ಯಾತ್ಮರು ಈ ಪರೀಕ್ಷೆಯನ್ನು ಎರಡು ಸಲ ಮಾಡಿ ನೋಡಲಿ. ಎಂಜಿನ್ ಆರಿದ ಕಾರಿನಲ್ಲಿ ಬೂಸ್ಟರಿನ ಸಹಾಯ ಸಿಗುವುದು ಎರಡು ಮೂರು ಒತ್ತುಗಳಿಗೆ ಮಾತ್ರ. ಆ ಬಳಿಕ ಬ್ರೇಕು ಇದ್ದೇ ಇರುತ್ತದೆ, ಆದರೆ ಅದನ್ನು ಹಿಡಿಯಲು ಅಜ್ಜನವರ ಕಾಲು ಬೇಕು. ಕಾರಿನ ಬ್ರೇಕನ್ನು ಪರೀಕ್ಷಿಸುವಾಗ ಪೆಡಲಿನ ಮೇಲೆ ಹಾಕಬಹುದಾದ ಬಲಕ್ಕೆ ವಿಶ್ವಸಂಸ್ಥೆಯ ವಾಹನ ನಿಯಮಗಳು ಇಟ್ಟಿರುವ ಮೇಲ್ಮಿತಿ 500 ನ್ಯೂಟನ್, ಅಂದರೆ ಸುಮಾರು 50 ಕಿಲೋ ತೂಕ. ಒಂದು ಮೂಟೆ ಸಿಮೆಂಟನ್ನು ಒಂದೇ ಕಾಲಿನಿಂದ ಒತ್ತಿಹಿಡಿದಂತೆ. ಹಗುರವಾದ ಪೆಡಲಿಗೆ ವರ್ಷಗಟ್ಟಲೆ ಒಗ್ಗಿಹೋದ ಕಾಲಿಗೆ, ಗಾಬರಿಯ ಕ್ಷಣದಲ್ಲಿ ಅಷ್ಟು ಬಲ ಹಾಕಬೇಕೆಂಬುದೇ ಹೊಳೆಯುವುದಿಲ್ಲ. ಅಪಾಯದಲ್ಲಿ ಜನ ಬ್ರೇಕನ್ನು ಬೇಗ ಒತ್ತುತ್ತಾರೆ, ಆದರೆ ಸಾಕಷ್ಟು ಬಲವಾಗಿ ಒತ್ತುವುದಿಲ್ಲ ಎಂಬುದನ್ನು ಕಂಡುಕೊಂಡೇ ಮರ್ಸಿಡಿಸ್ ಕಂಪನಿ 1996ರಲ್ಲಿ, ಒತ್ತುವ ವೇಗವನ್ನು ನೋಡಿ ಉಳಿದ ಬಲವನ್ನು ತಾನೇ ತುಂಬುವ ವ್ಯವಸ್ಥೆಯನ್ನು ತಂದಿತು. ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ 1978ರಲ್ಲೇ ಅದೇ ಕಂಪನಿಯ ಕಾರಿನಲ್ಲಿ ಬಂದಿತ್ತು. ಭಾರತದಲ್ಲಿ ಎಲ್ಲ ಹೊಸ ಕಾರುಗಳಿಗೂ ಅದು ಕಡ್ಡಾಯವಾದದ್ದು 2019ರ ಏಪ್ರಿಲಿನಿಂದ.

ಇಷ್ಟೆಲ್ಲ ಉಪಾಯಗಳು ಕಾಲಿನ ಶ್ರಮವನ್ನು ತೆಗೆದವು. ಬ್ರೇಕಿನ ಶ್ರಮವನ್ನು ತೆಗೆದವೇ? ಪ್ರಶ್ನೆಯ ಎರಡನೆಯ ಮತ್ತು ಗಹನವಾದ ಭಾಗ ಇದು.

ಸಮನೆಲದ ರಸ್ತೆಯಲ್ಲಿ ಗಂಟೆಗೆ 60 ಕಿಲೋಮೀಟರ್ ವೇಗದಿಂದ ನಿಲ್ಲಬೇಕಾದರೆ 650 ಕಿಲೋ ಕಾರೂ 1,300 ಕಿಲೋ ಕಾರೂ ಹೆಚ್ಚುಕಡಿಮೆ ಒಂದೇ ದೂರದಲ್ಲಿ ನಿಲ್ಲುತ್ತವೆ. ಒಣ ರಸ್ತೆಯಲ್ಲಿ ಸುಮಾರು 20 ಮೀಟರ್. ಚಾಲಕ ಎಚ್ಚೆತ್ತುಕೊಳ್ಳುವ ಒಂದು ಸೆಕೆಂಡಿನಲ್ಲಿ ಓಡಿಹೋಗುವ 17 ಮೀಟರನ್ನು ಇದಕ್ಕೆ ಬೇರೆಯಾಗಿ ಕೂಡಿಸಿಕೊಳ್ಳಬೇಕು. ಭಾರವಾದ ಕಾರು ರಸ್ತೆಯನ್ನು ಹೆಚ್ಚು ಒತ್ತುವುದರಿಂದ ಅದರ ಟೈರಿಗೆ ಹಿಡಿತವೂ ಅಷ್ಟೇ ಹೆಚ್ಚು. ಹೀಗೆ ದೂರದ ಲೆಕ್ಕದಲ್ಲಿ ತೂಕ ಮಾಯವಾಗುತ್ತದೆ. ಶಾಖದ ಲೆಕ್ಕದಲ್ಲಿ ಮಾಯವಾಗುವುದಿಲ್ಲ. ಮೊದಲ ಕಾರನ್ನು ನಿಲ್ಲಿಸಿದಾಗ 90 ಕಿಲೋಜೌಲ್ ಶಾಖ ಹುಟ್ಟಿದರೆ ಎರಡನೆಯದರಲ್ಲಿ 180. ಊರ ರಸ್ತೆಯಲ್ಲಿ ಇದು ಯಾರ ಗಮನಕ್ಕೂ ಬಾರದು. ಮುಂದಿನ ನಿಲುಗಡೆಯೊಳಗೆ ಬ್ರೇಕು ತಣಿದಿರುತ್ತದೆ.

ಘಟ್ಟದಲ್ಲಿ ಹಾಗಲ್ಲ. 1,300 ಕಿಲೋ ಕಾರಿನಲ್ಲಿ ನಾಲ್ವರು ಕುಳಿತು, ಗಂಟುಮೂಟೆ ಸೇರಿ 1,600 ಕಿಲೋ ಆಯಿತೆನ್ನಿ. ಇಳಿತ 700 ಮೀಟರ್ ಎಂದು ಲೆಕ್ಕಕ್ಕೆ ಹಿಡಿಯೋಣ. ಮೇಲಿನಿಂದ ಕೆಳಗೆ ಬರುವಾಗ ಕಾರು ಕಳೆದುಕೊಳ್ಳಬೇಕಾದ ಶಕ್ತಿ 1 ಕೋಟಿ 10 ಲಕ್ಷ ಜೌಲ್. ಎರಡು ದೊಡ್ಡ ಕೊಡಗಳಲ್ಲಿ ಹಿಡಿಯುವ 35 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಅಷ್ಟು ಶಕ್ತಿ ಸಾಕು. ಬೇರೆ ರೀತಿಯಲ್ಲಿ ಹೇಳುವುದಾದರೆ, 60ರ ವೇಗದಿಂದ ಸುಮಾರು ಐವತ್ತು ಸಲ ಪೂರ್ತಿ ನಿಲ್ಲಿಸಿದಷ್ಟು. ಈ ಶಾಖವನ್ನೆಲ್ಲ 20 ಕಿಲೋ ಕಬ್ಬಿಣಕ್ಕೆ ತುಂಬಿ, ಗಾಳಿ ತಣಿಸದಂತೆ ತಡೆದರೆ, ಅದು ಸಾವಿರ ಡಿಗ್ರಿಗೂ ಮೇಲೆ ಕಾಯುತ್ತದೆ. ಕಾರಿನ ಬ್ರೇಕುಗಳಲ್ಲಿರುವ ಕಬ್ಬಿಣ ಕೆಲವೇ ಹತ್ತು ಕಿಲೋಗಳ ಲೆಕ್ಕದ್ದು. ಎಂಜಿನ್ನಿಗೂ ಗಾಳಿಗೂ ಪಾಲು ಕೊಡದೆ ಇಡೀ ಹೊರೆಯನ್ನು ಬ್ರೇಕಿನ ಮೇಲೇ ಹೊರಿಸಿದರೆ ಏನಾಗುತ್ತದೆ ಎಂಬುದನ್ನು ಊಹಿಸಿಕೊಳ್ಳಬಹುದು.

ಆಗುವುದು ಎರಡು ಬಗೆ. ಒಂದರಲ್ಲಿ ಪ್ಯಾಡುಗಳು ಮಿತಿಮೀರಿ ಕಾದು ಹಿಡಿತ ಕಳೆದುಕೊಳ್ಳುತ್ತವೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ, ಕಾರು ಮಾತ್ರ ನಿಲ್ಲದು. ಇನ್ನೊಂದರಲ್ಲಿ ಬ್ರೇಕಿನ ಎಣ್ಣೆಯೇ ಕುದಿಯುತ್ತದೆ. ಈ ಎಣ್ಣೆಗೆ ಗಾಳಿಯಲ್ಲಿನ ತೇವವನ್ನು ಹೀರುವ ಸ್ವಭಾವವಿದೆ. ಡಾಟ್ 3 ಎಂಬ ದರ್ಜೆಯ ಹೊಸ ಎಣ್ಣೆ 205 ಡಿಗ್ರಿಯವರೆಗೆ ಕುದಿಯಬಾರದು ಎಂಬುದು ನಿಯಮ. ತೇವ ಹೀರಿದ ಎಣ್ಣೆಗೆ ಆ ನಿಯಮ 140 ಡಿಗ್ರಿಗೆ ಇಳಿಯುತ್ತದೆ. ಡಾಟ್ 4ಕ್ಕೆ ಇವೇ ಅಂಕಿಗಳು 230 ಮತ್ತು 155. ಕುದಿದ ಎಣ್ಣೆಯಲ್ಲಿ ಗುಳ್ಳೆಗಳೇಳುತ್ತವೆ. ದ್ರವ ಒತ್ತಡವನ್ನು ಒಯ್ಯುತ್ತದೆ, ಗುಳ್ಳೆ ಒಯ್ಯುವುದಿಲ್ಲ, ಸುಮ್ಮನೆ ಕುಗ್ಗುತ್ತದೆ. ಪೆಡಲು ನೆಲ ಮುಟ್ಟುತ್ತದೆ, ಚಕ್ರಕ್ಕೆ ಏನೂ ತಲಪದು.

ಇನ್ನು ಈ ಎರಡಕ್ಕೂ ಸಮಾನವಾದ ಒಂದು ಗುಣವಿದೆ, ವಕೀಲನಿಗೆ ಮುಖ್ಯವಾದದ್ದು ಅದೇ. ತಣ್ಣಗಾದ ಮೇಲೆ ಬ್ರೇಕು ಮರಳಿ ಬರುತ್ತದೆ. ಪ್ಯಾಡು ಹಿಡಿಯುತ್ತದೆ, ಗುಳ್ಳೆಗಳು ಕರಗಿ ಎಣ್ಣೆ ಎಣ್ಣೆಯಾಗುತ್ತದೆ. ಅಪಘಾತವಾದ ಮರುದಿನವೋ ಅದರ ಮರುದಿನವೋ ಮೋಟಾರು ವಾಹನ ನಿರೀಕ್ಷಕರು ಬಂದು ಪೆಡಲು ಒತ್ತಿ ನೋಡಿದಾಗ ಎಲ್ಲವೂ ಸರಿಯಾಗಿರುತ್ತದೆ. ಅಪಘಾತವು ಯಾಂತ್ರಿಕ ದೋಷದಿಂದ ಸಂಭವಿಸಿದ್ದಲ್ಲ ಎಂದು ಅವರು ವರದಿ ಬರೆಯುತ್ತಾರೆ. ಚಾಲಕ ಕಟಕಟೆಯಲ್ಲಿ ನಿಂತು ಬ್ರೇಕು ಹಿಡಿಯಲಿಲ್ಲ ಎಂದು ದೇವರಾಣೆ ಮಾಡುತ್ತಾನೆ. ಅವನು ಹೇಳುವುದು ಸುಳ್ಳಲ್ಲ. ವರದಿಯೂ ಸುಳ್ಳಲ್ಲ. ನಡುವೆ ಸೋಲುವವನು ಅವನೇ, ಏಕೆಂದರೆ ಅವನ ಪಾಲಿನ ಸಾಕ್ಷಿ ಆವಿಯಾಗಿಹೋಗಿದೆ. ಸೋಲುವುದು ಅನ್ಯಾಯವೂ ಅಲ್ಲ ಎಂಬುದು ನನ್ನ ಅಭಿಪ್ರಾಯ. ಕೆಟ್ಟದ್ದು ಬ್ರೇಕಲ್ಲ, ಇಳಿಸಿದ ರೀತಿ.

ನಿಜವಾಗಿಯೂ ಬ್ರೇಕಿನ ಭಾಗವೊಂದು ಮುರಿದಿದ್ದರೂ ಹೊಣೆ ತಪ್ಪಿಸಿಕೊಳ್ಳುವುದು ಸುಲಭವಲ್ಲ. ಇಂಗ್ಲೆಂಡಿನ ಹೌಸ್ ಆಫ್ ಲಾರ್ಡ್ಸ್ 1969ರಲ್ಲಿ ತೀರ್ಮಾನಿಸಿದ ಹೆಂಡರ್ಸನ್ ವಿರುದ್ಧ ಹೆನ್ರಿ ಜೆಂಕಿನ್ಸ್ ಮತ್ತು ಸನ್ಸ್ ಪ್ರಕರಣವನ್ನು ನಮ್ಮ ನ್ಯಾಯಾಲಯಗಳೂ ನೆನೆಯುವುದುಂಟು. ಇಳಿಜಾರಿನಲ್ಲಿ ಲಾರಿಯೊಂದರ ಬ್ರೇಕು ಹಠಾತ್ತನೆ ಹೋಗಿ ಒಬ್ಬ ಮನುಷ್ಯ ಸತ್ತ. ಅವನ ಹೆಂಡತಿ ದಾವೆ ಹೂಡಿದಳು. ಲಾರಿಗೆ ಐದು ವರ್ಷ ವಯಸ್ಸು, ಓಡಿದ್ದು ಒಂದೂವರೆ ಲಕ್ಷ ಮೈಲಿ. ಬ್ರೇಕಿನ ಎಣ್ಣೆಯ ಕೊಳವೆ ತುಕ್ಕು ಹಿಡಿದು ತೂತಾಗಿತ್ತು. ತೂತಾದ ಭಾಗ ಕೊಳವೆಯನ್ನು ಬಿಚ್ಚದೆ ಕಣ್ಣಿಗೆ ಬೀಳುವಂತಿರಲಿಲ್ಲ. ಬಿಚ್ಚಿ ನೋಡಬೇಕೆಂದು ತಯಾರಕರೂ ಹೇಳಿರಲಿಲ್ಲ. ಕಾಣದ ದೋಷಕ್ಕೆ ನಾವೇನು ಮಾಡೋಣ ಎಂದರು ಮಾಲೀಕರು. ಲಾರ್ಡ್‌ಗಳಲ್ಲಿ ಮೂವರು ಅದನ್ನು ಒಪ್ಪಲಿಲ್ಲ, ಇಬ್ಬರು ಒಪ್ಪಿದರು. ಬಹುಮತದವರು ಕೇಳಿದ ಪ್ರಶ್ನೆ ಸರಳವಾದದ್ದು: ಈ ಲಾರಿ ಇಷ್ಟು ವರ್ಷ ಎಂಥ ಸರಕು ಹೊತ್ತಿತ್ತು, ತುಕ್ಕು ಹಿಡಿಸುವ ಉಪ್ಪುನೀರಿನಲ್ಲೋ ರಾಸಾಯನಿಕದಲ್ಲೋ ಓಡಾಡಿತ್ತೆ, ಅದರ ಚರಿತ್ರೆಯನ್ನು ನೀವೇಕೆ ನಮ್ಮ ಮುಂದೆ ಇಡಲಿಲ್ಲ? ವಿಧವೆ ಗೆದ್ದಳು.

ನಮ್ಮ ಸರ್ವೋಚ್ಚ ನ್ಯಾಯಾಲಯ 1977ರಲ್ಲಿ ಮೀನು ಮೆಹ್ತಾ ಪ್ರಕರಣದಲ್ಲಿ ಇದೇ ದಾರಿ ಹಿಡಿಯಿತು. ಯಾಂತ್ರಿಕ ದೋಷದ ಆಸರೆ ಪಡೆಯಬೇಕಾದ ಮಾಲೀಕನು, ಆ ದೋಷ ಗುಪ್ತವಾದದ್ದೆಂದೂ ತಕ್ಕ ಎಚ್ಚರ ವಹಿಸಿದರೂ ಕಂಡುಹಿಡಿಯಲಾಗದ್ದೆಂದೂ ಹೇಳಿಕೊಂಡು ರುಜುವಾತು ಮಾಡಬೇಕು. ಕಾನೂನಿನ ಪುಸ್ತಕದಲ್ಲೂ ಇದರ ನೆರಳಿದೆ. ಮೋಟಾರು ವಾಹನ ಅಧಿನಿಯಮದ 190ನೆಯ ಕಲಮಿನ ಪ್ರಕಾರ, ತನಗೆ ಗೊತ್ತಿದ್ದ ದೋಷಕ್ಕೆ ಮಾತ್ರವಲ್ಲ, ಸಾಮಾನ್ಯ ಎಚ್ಚರದಿಂದ ಗೊತ್ತಾಗಬಹುದಾಗಿದ್ದ ದೋಷಕ್ಕೂ ವಾಹನ ಓಡಿಸಿದವನೂ ಓಡಿಸಲು ಬಿಟ್ಟವನೂ ಹೊಣೆ. ದಂಡ 1,500 ರೂಪಾಯಿ. ಆ ದೋಷದಿಂದ ಅಪಘಾತವಾಗಿ ಯಾರಿಗಾದರೂ ಪೆಟ್ಟಾದರೆ ಮೂರು ತಿಂಗಳವರೆಗೆ ಸೆರೆವಾಸ, ಇಲ್ಲವೆ 5,000 ರೂಪಾಯಿ ದಂಡ, ಅಥವಾ ಎರಡೂ. ಗಾಯಾಳುವಿನ ಕಡೆಯವರಿಗೆ ಒಂದು ಮಾತು: 2019ರ ತಿದ್ದುಪಡಿಯಿಂದ ಬಂದ 164ನೆಯ ಕಲಮಿನಡಿ, ಯಾರ ತಪ್ಪೆಂದು ಸಾಬೀತು ಮಾಡದೆಯೂ, ಸಾವಿಗೆ 5 ಲಕ್ಷ ಮತ್ತು ತೀವ್ರ ಗಾಯಕ್ಕೆ ಎರಡೂವರೆ ಲಕ್ಷ ರೂಪಾಯಿ ಪರಿಹಾರ ಕೇಳಬಹುದು. ಹೆಚ್ಚಿನದನ್ನು ಬಯಸಿದರೆ 166ನೆಯ ಕಲಮಿನ ಅರ್ಜಿ, ಅಲ್ಲಿ ನಿರ್ಲಕ್ಷ್ಯದ ಚರ್ಚೆ.

ಹೀಗಿರುವಾಗ ಅಜ್ಜನವರ ಕಾಲುನೋವಿನ ಬೆಲೆ ಏನೆಂದು ತಿಳಿಯುತ್ತದೆ. ಅದು ಅವರಿಗೆ ಒಂದು ಮಾಪಕವಾಗಿತ್ತು. ಪೆಡಲಿಗೆ ಇನ್ನಷ್ಟು ಬಲ ಬೇಕಾಗುತ್ತಿದೆ ಎಂದು ಕಾಲು ಹೇಳುತ್ತಿತ್ತು, ಸುಟ್ಟ ವಾಸನೆ ಬಂತೆಂದು ಮೂಗು ಹೇಳುತ್ತಿತ್ತು, ಗಾಡಿಯನ್ನು ಬದಿಗೆ ಹಾಕಿ ಬೀಡಿ ಹಚ್ಚುತ್ತಿದ್ದರು. ಕಾರಿಗೂ ವಿಶ್ರಾಂತಿ, ಕಾಲಿಗೂ ವಿಶ್ರಾಂತಿ. ಹೊಸ ಕಾರಿನಲ್ಲಿ ಬೂಸ್ಟರು ಆ ಮಾತನ್ನು ಕಾಲಿಗೆ ಮುಟ್ಟಿಸುವುದಿಲ್ಲ. ನಾಲ್ವರಿದ್ದರೂ ಏಳು ಮಂದಿಯಿದ್ದರೂ ಪೆಡಲು ಹೆಚ್ಚುಕಡಿಮೆ ಒಂದೇ ಮೆದುವಿನಲ್ಲಿರುತ್ತದೆ. ಬಣ್ಣಾರಿಯ ಗುಂಡಂ ಹಬ್ಬಕ್ಕೆ ಒಂದೇ ಕಾರಿನಲ್ಲಿ ತುಂಬಿಕೊಂಡು ಹೋಗುವ ಮನೆಮಂದಿ, ಎಲೆಕೋಸಿನ ಮೂಟೆಗಳನ್ನು ಚಾವಣಿಯೆತ್ತರಕ್ಕೆ ಪೇರಿಸಿ ಇಳಿಸುವ ಪಿಕಪ್ಪಿನವರು ಇದನ್ನು ನೆನಪಿಡಬೇಕು.

ಬಾಲಕಿಯ ತಾಯಿ ಎರಡನೆಯ ಗೇರಿನಲ್ಲಿ ಇಳಿಸುತ್ತಿದ್ದರೆ, ಕಾಲ್ಬೆರಳು ಸಾಕಾಗುವುದಕ್ಕೆ ಬೂಸ್ಟರಿನಷ್ಟೇ ಅದೂ ಕಾರಣ. ಕೆಳಗಿನ ಗೇರಿನಲ್ಲಿ ಎಂಜಿನ್ ಕಾರನ್ನು ಹಿಂದಕ್ಕೆ ಎಳೆದು ಹಿಡಿಯುತ್ತದೆ, ಶಾಖದ ದೊಡ್ಡ ಪಾಲನ್ನು ತಾನು ನುಂಗಿ ಹೊಗೆಕೊಳವೆಯಿಂದಲೂ ರೇಡಿಯೇಟರಿನಿಂದಲೂ ಹೊರಹಾಕುತ್ತದೆ. ಯಾವ ಗೇರಿನಲ್ಲಿ ಹತ್ತುತ್ತೇವೆಯೋ ಅದೇ ಗೇರಿನಲ್ಲಿ ಇಳಿಯಬೇಕು ಎಂಬ ಹಳೆಯ ಡ್ರೈವರುಗಳ ಮಾತು ಹೊಸ ಕಾರಿಗೂ ಸಲ್ಲುತ್ತದೆ. ಗೇರು ಬದಲಿಸುವ ಕೆಲಸವಿಲ್ಲದ ಆಟೋಮ್ಯಾಟಿಕ್ ಕಾರುಗಳಲ್ಲೂ ಎಲ್ ಎಂದೋ 2 ಎಂದೋ ಗುರುತಿನ ಸ್ಥಾನವೋ, ಕೈಯಿಂದ ಗೇರು ಇಳಿಸುವ ಅನುಕೂಲವೋ ಸಾಮಾನ್ಯವಾಗಿ ಇರುತ್ತದೆ. ಕೊಂಡ ದಿನವೇ ಕೇಳಿ ತಿಳಿದುಕೊಳ್ಳಬೇಕು. ಬ್ರೇಕನ್ನು ಉದ್ದಕ್ಕೂ ಸವರುತ್ತ ಬರುವುದಕ್ಕಿಂತ, ತಿರುವಿಗೆ ಮುಂಚೆ ಗಟ್ಟಿಯಾಗಿ ಒತ್ತಿ ವೇಗ ಇಳಿಸಿ ಕಾಲು ತೆಗೆಯುವುದು ಮೇಲು. ವಾಸನೆ ಬಂದರೆ ಸುರಕ್ಷಿತವಾದ ಜಾಗದಲ್ಲಿ ನಿಲ್ಲಿಸಿ ಕಾಯಬೇಕು, ಕಾದ ಡಿಸ್ಕಿಗೆ ನೀರು ಸುರಿಯಬಾರದು, ಬಿರುಕು ಬಿಟ್ಟೀತು.

ಬ್ಯಾಟರಿ ಕಾರು ಕೊಂಡವರಿಗೆ ಒಂದು ಸಂಗತಿ ಬೇರೆಯಾಗಿ ಹೇಳಬೇಕು. ಅವುಗಳಲ್ಲಿ ಇಳಿಜಾರಿನಲ್ಲಿ ಮೋಟಾರೇ ಜನರೇಟರಾಗಿ ಕಾರನ್ನು ತಡೆದು, ಶಕ್ತಿಯನ್ನು ಶಾಖವಾಗಿ ಚೆಲ್ಲದೆ ಬ್ಯಾಟರಿಗೆ ತುಂಬುತ್ತದೆ. ನೂರಾರು ಕಿಲೋ ಹೆಚ್ಚಿನ ತೂಕಕ್ಕೆ ಇದು ಒಳ್ಳೆಯ ಪ್ರತಿಫಲ. ಆದರೆ ಮಲೆಯ ಮೇಲಿನ ಮನೆಯಲ್ಲಿ ರಾತ್ರಿಯೆಲ್ಲ ಚಾರ್ಜು ಮಾಡಿ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ಶಕ್ತಿಗೆ ಜಾಗವಿರುವುದಿಲ್ಲ. ಮೋಟಾರಿನ ತಡೆ ಬಹಳ ಕಡಿಮೆಯಾಗಿ, ಅಷ್ಟು ಭಾರವೂ ಸಾಧಾರಣ ಬ್ರೇಕಿನ ಮೇಲೆ ಬೀಳುತ್ತದೆ. ಬೆಳಿಗ್ಗೆ ಘಟ್ಟ ಇಳಿಯುವುದಿದ್ದರೆ ಎಂಬತ್ತಕ್ಕೋ ಎಂಬತ್ತೈದಕ್ಕೋ ಚಾರ್ಜು ನಿಲ್ಲಿಸಿರಿ. ಉಳಿದದ್ದರಲ್ಲಿ ಒಂದಿಷ್ಟನ್ನು ದಿಂಬಂ ಘಟ್ಟವೇ ಪುಕ್ಕಟೆಯಾಗಿ ತುಂಬಿಕೊಡುತ್ತದೆ.

ಬ್ರೇಕಿನ ಎಣ್ಣೆಯನ್ನು ಎರಡು ವರ್ಷಕ್ಕೊಮ್ಮೆ ಬದಲಿಸಬೇಕೆಂದು ಬಹಳಷ್ಟು ಕಾರುಗಳ ಕೈಪಿಡಿಗಳಲ್ಲಿ ಅಚ್ಚಾಗಿದೆ. ಗಾಡಿ ಹೆಚ್ಚು ಓಡದಿದ್ದರೂ ತೇವ ಹೀರುವುದು ನಿಲ್ಲದು. ಬದಲಿಸಿದಾಗ ಗ್ಯಾರೇಜಿನವರಿಂದ ತಾರೀಖು, ಮೀಟರಿನ ಅಂಕಿ, ಎಣ್ಣೆಯ ದರ್ಜೆ ಬರೆದ ರಸೀದಿಯನ್ನು ಕೇಳಿ ಪಡೆದು ವಿಮೆಯ ಕಾಗದಗಳ ಜೊತೆಗೆ ಇಡಬೇಕು. ಲಂಡನ್ನಿನಲ್ಲಿ ಲಾರ್ಡ್‌ಗಳು ಆ ಲಾರಿಯ ಮಾಲೀಕರಿಂದ ಕೇಳಿದ್ದು ಗಾಡಿಯ ಚರಿತ್ರೆಯನ್ನು. ನಮ್ಮ ಕಡೆಯ ಬಹುಪಾಲು ಗಾಡಿಗಳ ಚರಿತ್ರೆ ಮೆಕ್ಯಾನಿಕ್ಕನ ನೆನಪಿನಲ್ಲಿದೆ, ಅವನನ್ನು ಸಾಕ್ಷಿಗೆ ಕರೆಸಿದ ದಿನ ಅವನಿಗೆ ಯಾವುದೂ ನೆನಪಿರುವುದಿಲ್ಲ.